16ರ ಅಫ್ಘಾನ್ ಹುಡುಗ ಮನೆಗೆ ಬರಬಹುದು: ಮೊದಲ ವಾರಗಳಲ್ಲಿ ಏನು, 18ಕ್ಕೆ ತಯಾರಿ ಹೇಗೆ? (ಇಂಗ್ಲೆಂಡ್)

ಮಿಡ್ಲೆಂಡ್ಸ್ ಕನ್ನಡತಿ:
ಫಾಸ್ಟರ್ ಕೇರರ್ (ಕೌನ್ಸಿಲ್ ಆರೈಕೆಯಲ್ಲಿರೋ ಮಕ್ಕಳನ್ನ ಮನೆಯಲ್ಲಿಟ್ಟು ನೋಡಿಕೊಳ್ಳೋರು) ಆಗಿ ನಮಗೆ ಆಯ್ಕೆ ಸಮಿತಿಯ ಒಪ್ಪಿಗೆ ಸಿಕ್ಕಿದೆ. ಒಬ್ಬನೇ ಬಂದು ಆಶ್ರಯ ಕೇಳಿರೋ ಅಫ್ಘಾನ್ ಹುಡುಗನನ್ನು ಕಳಿಸಬಹುದು ಅಂತ ಕೌನ್ಸಿಲ್ (ಸ್ಥಳೀಯ ಆಡಳಿತ) ಹೇಳಿದೆ. ತರಬೇತಿಯಲ್ಲಿ ಹೇಳಿದ್ದೆಲ್ಲ ಬಹುಪಾಲು ಚಿಕ್ಕ ಮಕ್ಕಳ ಬಗ್ಗೆ. ಮೊದಲು ಯಾವುದಕ್ಕೆ ಗಮನ ಕೊಡಬೇಕು? ಸ್ವಂತ ಕಾಲ ಮೇಲೆ ನಿಲ್ಲೋದನ್ನ ಯಾವಾಗಿಂದ ಕಲಿಸಬೇಕು? ನಮ್ಮದು ಸಸ್ಯಾಹಾರಿ ಮನೆ, ಅದು ಅಡ್ಡಿಯಾಗುತ್ತಾ?

ತುಂಗಾತೀರ:
ಮೊದಲ ರಾತ್ರಿ ಬಿಸಿ ಊಟ, ಸ್ನಾನ, ಫೋನ್ ಚಾರ್ಜರ್, ಹಾಸಿಗೆ. ಅಷ್ಟೇ ಸಾಕು. ದಾರಿ ಹೇಗಿತ್ತು, ಅಪ್ಪ ಅಮ್ಮ ಎಲ್ಲಿ ಅಂತ ಕೇಳಬೇಡಿ. ಅವನ ಎತ್ತರ, ತೊಟ್ಟ ಬಟ್ಟೆ, ಫೋನ್ ನಂಬರ್ ಅವತ್ತೇ ಬರೆದಿಡಿ. ಮಾನವ ಸಾಗಣೆದಾರರ ಹಿಡಿತದಲ್ಲಿರೋ ಮಕ್ಕಳು ಕಾಣೆಯಾಗೋ ಅಪಾಯ ಮೊದಲ 72 ಗಂಟೆಯಲ್ಲೇ ಜಾಸ್ತಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಪ್ಲೇಸ್‌ಮೆಂಟ್ ಪ್ಲ್ಯಾನ್‌ನಲ್ಲಿ (ಅವನನ್ನ ನಿಮ್ಮಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಕೌನ್ಸಿಲ್ ಜೊತೆ ಬರೆದುಕೊಳ್ಳೋ ಯೋಜನೆ) ಇರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗೋದು ಈ ಮಕ್ಕಳಲ್ಲಿ ಸಾಮಾನ್ಯ, ಸೋಮಾರಿತನ ಅಂದುಕೊಳ್ಳಬೇಡಿ. ಸಣ್ಣ ದೀಪ ಬಿಟ್ಟಿರಿ, ಬೆಳಗ್ಗೆ ಹೊರಗೆ ನಡೆಸಿ.

ಆರೋಗ್ಯ ತಪಾಸಣೆ 20 ಕೆಲಸದ ದಿನದೊಳಗೆ ಆಗಬೇಕು. ಕ್ಷಯ, ಹೆಪಟೈಟಿಸ್ ಬಿ, ವಿಟಮಿನ್ ಡಿ, ಕಜ್ಜಿ, ಹಲ್ಲು ಇವನ್ನು ಹೆಸರು ಹಿಡಿದೇ ಕೇಳಿ. ಲಸಿಕೆ ದಾಖಲೆ ಇಲ್ಲದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ, ಮೊದಲಿಂದ ಶುರು ಮಾಡ್ತಾರೆ.

ಹಿಂದಿಯಲ್ಲಿ ಸಂಭಾಳಿಸೋಣ ಅನ್ನೋ ಆಸೆ ನಮ್ಮವರಿಗೆ ಬಂದೇ ಬರುತ್ತೆ. ಉಪ್ಪು, ಟವೆಲ್‌ಗೆ ಸರಿ. ಡಾಕ್ಟರ್, ವಕೀಲರ ಹತ್ತಿರ ಬೇಡ. ಅವನ ಭಾಷೆ ಪಶ್ತೋನಾ ದರಿಯಾ ಅಂತ ಮೊದಲೇ ತಿಳಿಸಿ ವೃತ್ತಿಪರ ದುಭಾಷಿಯನ್ನೇ ಕರೆಸಿ.

ಕಡತಪ್ರಿಯ:
ದಿನಚರಿ ಬರೆಯೋವಾಗ ಹುಷಾರು. ನಿಮ್ಮ ದಿನಚರಿ ಕೌನ್ಸಿಲ್ ಕಡತಕ್ಕೆ ಸೇರುತ್ತೆ, ಮುಂದೆ ಅವನು ನಿಜಕ್ಕೂ 18ರ ಒಳಗಿನವನಾ ಅನ್ನೋ ವಯಸ್ಸಿನ ವಿಚಾರಣೆಯಲ್ಲೋ ಆಶ್ರಯದ ಮೇಲ್ಮನವಿಯಲ್ಲೋ ಹೊರಗೆ ಬರಬಹುದು. "ಟರ್ಕಿಯಲ್ಲಿ ಆರು ತಿಂಗಳಿದ್ದನಂತೆ" ಅಂತ ನೀವು ಅಂದಾಜಲ್ಲಿ ಬರೆದು, ಆಶ್ರಯದ ಸಂದರ್ಶನದಲ್ಲಿ ಅವನು ನಾಲ್ಕು ಅಂದರೆ ಅವನ ಮಾತೇ ನಂಬಿಕೆಗೆ ಅರ್ಹವಲ್ಲ ಅನ್ನೋಕೆ ಅದೇ ಸಾಕು. ಅವನು ಹೇಳಿದ್ದನ್ನ ಅವನ ಮಾತಲ್ಲೇ ಬರೆಯಿರಿ. ಬಿಟ್ಟಿದ್ದನ್ನ ನೀವು ತುಂಬಬೇಡಿ.

ತಾರೀಕು ಇನ್ನೊಂದು ಗುಂಡಿ. ಅಫ್ಘಾನ್ ಸೌರ ವರ್ಷ ಭಾರತದ ರಾಷ್ಟ್ರೀಯ ಶಕ ಪಂಚಾಂಗದ ಹಾಗೆ ಮಾರ್ಚ್ 21ರ ಆಸುಪಾಸಿನಲ್ಲಿ ಶುರು. ಇಸವಿಗೆ 621 ಕೂಡಿಸಬೇಕು, ಆದರೆ ಜನವರಿಯಿಂದ ಮಾರ್ಚ್‌ವರೆಗೆ 622. 1387ರ ಹತ್ತನೇ ತಿಂಗಳ ಕೊನೆಯಲ್ಲಿ ಹುಟ್ಟಿದವನು ಅಂದರೆ ಜನವರಿ 2009. ಕಣ್ಣುಮುಚ್ಚಿ 621 ಕೂಡಿಸಿದರೆ ಜನವರಿ 2008 ಆಗಿ ಹುಡುಗನಿಗೆ ಒಂದು ವರ್ಷ ಹೆಚ್ಚಾಗುತ್ತೆ. ಹಳೇ ಕಾಗದದ ತಜ್ಕಿರಾದಲ್ಲಿ (ಅಫ್ಘಾನ್ ಗುರುತಿನ ಚೀಟಿ) ಎಷ್ಟೋ ಸಲ ಹುಟ್ಟಿದ ದಿನವೇ ಇರಲ್ಲ, "ಇಂಥ ವರ್ಷದಲ್ಲಿ ಇಷ್ಟು ವಯಸ್ಸು" ಅಂತಷ್ಟೇ ಇರುತ್ತೆ. ಲೆಕ್ಕ ಹಾಕೋದನ್ನ ವಕೀಲರಿಗೆ ಬಿಡಿ.

ಆಶ್ರಯ ಸಿಗದೆ ಮಕ್ಕಳಿಗೆಂದು ಕೊಡೋ ತಾತ್ಕಾಲಿಕ ಅನುಮತಿ ಸಿಕ್ಕರೆ ಅದು 30 ತಿಂಗಳು ಅಥವಾ ಹದಿನೇಳೂವರೆ ವಯಸ್ಸು, ಯಾವುದು ಮೊದಲೋ ಅಲ್ಲಿಯವರೆಗೆ. ಮುಗಿಯೋ ಮುಂಚೆ ಅರ್ಜಿ ಹೋಗಿರಬೇಕು. ಆ ದಿನ ನಿಮ್ಮ ಕ್ಯಾಲೆಂಡರಲ್ಲೂ ಇರಲಿ.

ಅಡುಗೆಮನೆ ಅಕೌಂಟೆಂಟ್:
ಸ್ವಾವಲಂಬನೆ ಕಲಿಸೋದು ಎರಡನೇ ವಾರದಿಂದಲೇ. ಗಡಿಗಳನ್ನು ದಾಟಿ ಬಂದವನಿಗೆ ಬಸ್ ಹತ್ತೋಕೆ ಯಾರೂ ಕಲಿಸಬೇಕಿಲ್ಲ. ಅವನನ್ನ ಕೆಡವೋದು ಲಕೋಟೆಗಳು. ಒಂದು ಫೈಲ್ ಕೊಡಿಸಿ: ಹೋಮ್ ಆಫೀಸ್ (ಆಶ್ರಯದ ಅರ್ಜಿ ನೋಡೋ ಸರ್ಕಾರಿ ಇಲಾಖೆ), ಆಸ್ಪತ್ರೆ, ಕಾಲೇಜು, ಹಣ. ಬಂದ ಪತ್ರ ಅವನೇ ಒಡೆಯಲಿ, ತಾರೀಕು ಹುಡುಕಿ ಫೋನಲ್ಲಿ ಹಾಕಿಕೊಳ್ಳಲಿ, ನೀವು ಪಕ್ಕದಲ್ಲಿ ಕೂತಿರಿ.

17 ಆದಮೇಲೆ ವಾರಕ್ಕೆ 30 ಪೌಂಡ್ ಊಟದ ಖರ್ಚು ಕೈಗೆ ಕೊಟ್ಟು ತನ್ನ ಅಡುಗೆ ತಾನೇ ಮಾಡಿಕೊಳ್ಳಲಿ. ಮೂರನೇ ದಿನಕ್ಕೆ ದುಡ್ಡು ಖಾಲಿಯಾಗೋದು ಮಾಮೂಲು. ಹೊಸ ನೋಟು ಕೊಡಬೇಡಿ, ಮನೆಯಲ್ಲಿ ಅಕ್ಕಿ ಬೇಳೆ ಇರಲಿ, ರಸೀದಿ ಇಟ್ಟುಕೊಂಡು ಇಬ್ಬರೂ ಕೂತು ನೋಡಿ. ಜಿಪಿಗೆ (ಊರಿನ ಡಾಕ್ಟರ್) ಬೆಳಗ್ಗೆ ಎಂಟಕ್ಕೆ ಅವನೇ ಫೋನ್ ಮಾಡಲಿ. ಪ್ರೀಪೇ ಮೀಟರ್ (ಮೊದಲೇ ದುಡ್ಡು ಹಾಕಿ ಬಳಸೋ ವಿದ್ಯುತ್, ಗ್ಯಾಸ್ ಮೀಟರ್), ಕೌನ್ಸಿಲ್ ಟ್ಯಾಕ್ಸ್ (ಮನೆ ಮೇಲಿನ ಸ್ಥಳೀಯ ತೆರಿಗೆ) ಅಂದರೇನು ಅಂತ ಮನೆ ಬದಲಿಸೋ ಮುಂಚೆಯೇ ಗೊತ್ತಿರಬೇಕು.

ಆಶ್ರಯದ ಅರ್ಜಿ ಬಾಕಿ ಇರೋವಾಗ, ಹೋಮ್ ಆಫೀಸ್ ಅನುಮತಿ ಇಲ್ಲದೆ, ಅವನು ಕೆಲಸ ಮಾಡೋ ಹಾಗಿಲ್ಲ. ಪರಿಚಯದವರ ರೆಸ್ಟೋರೆಂಟಲ್ಲಿ ಶನಿವಾರ ಪಾತ್ರೆ ತೊಳೆದರೂ ಅಕ್ರಮವೇ. ಅವನಿಗೆ ಇದನ್ನ ಬಿಡಿಸಿ ಹೇಳಿ.

ಕಡತಪ್ರಿಯ:
ಮೇಲಿನದಕ್ಕೆ ಸೇರಿಸೋದು: ಪಾತ್‌ವೇ ಪ್ಲ್ಯಾನ್ (ಆರೈಕೆ ಬಿಟ್ಟು ಸ್ವತಂತ್ರ ಬದುಕಿಗೆ ಹೋಗೋಕೆ ಕೌನ್ಸಿಲ್ ಬರೆಯೋ ಯೋಜನೆ) 16ರಿಂದಲೇ ಕೇಳಿ. 14 ದಾಟಿದ ಮೇಲೆ ಒಟ್ಟು 13 ವಾರ, ಅದರಲ್ಲಿ ಸ್ವಲ್ಪವಾದರೂ 16 ಆದಮೇಲೆ, ಕೌನ್ಸಿಲ್ ಆರೈಕೆಯಲ್ಲಿ ಇದ್ದರೆ ಮಾತ್ರ 18ರ ನಂತರದ ನೆರವಿಗೆ ಪೂರ್ತಿ ಹಕ್ಕು. ಹದಿನೇಳೂ ಮುಕ್ಕಾಲು ದಾಟಿ ಬಂದವರು ಇಲ್ಲೇ ಸಿಕ್ಕಿಬೀಳ್ತಾರೆ. ಹಕ್ಕಿದ್ದವನು, ಇಬ್ಬರಿಗೂ ಒಪ್ಪಿಗೆಯಿದ್ದರೆ, 'ಸ್ಟೇಯಿಂಗ್ ಪುಟ್' (18ರ ನಂತರವೂ ಅದೇ ಮನೆಯಲ್ಲಿ ಉಳಿಯೋ ವ್ಯವಸ್ಥೆ) ಅಡಿಯಲ್ಲಿ 21ರವರೆಗೆ ನಿಮ್ಮಲ್ಲೇ ಇರಬಹುದು. ಆದರೆ ಅದು ಫಾಸ್ಟರಿಂಗ್ ಅಲ್ಲ, ನಿಮಗೆ ಬರೋ ಹಣ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಬೇರೆ ಫಾಸ್ಟರ್ ಮಗು ಮನೆಯಲ್ಲಿದ್ದರೆ ಈಗ ವಯಸ್ಕನಾದ ಅವನಿಗೂ ಡಿಬಿಎಸ್ (ಅಪರಾಧ ದಾಖಲೆ) ತಪಾಸಣೆ ಬೇಕು. ಹೊಸ ಮನೆ ಹೂಡೋಕೆ 2023ರ ಏಪ್ರಿಲ್‌ನಿಂದ 3,000 ಪೌಂಡ್ ಇದೆ. ಹಾಸಿಗೆ, ಫ್ರಿಜ್, ಪರದೆ ಅಂತ ಪಟ್ಟಿ ಮೊದಲೇ ಮಾಡಿಸಿ.

ತುಂಗಾತೀರ:
ಸಸ್ಯಾಹಾರದ ಪ್ರಶ್ನೆ ಉಳಿದೇ ಹೋಯ್ತು. ಅಡ್ಡಿಯಲ್ಲ, ಆದರೆ ಮ್ಯಾಚಿಂಗ್ (ಯಾವ ಮಗು ಯಾವ ಮನೆಗೆ ಹೊಂದುತ್ತೆ ಅನ್ನೋ) ಮಾತುಕತೆಯಲ್ಲೇ ಬಾಯಿಬಿಟ್ಟು ಹೇಳಿ. ಮನೆಯೊಳಗೆ ಮಾಂಸ ಬೇಯಿಸೋದು ಸುತರಾಂ ಆಗಲ್ಲ ಅಂದರೆ ಈ ಪ್ಲೇಸ್‌ಮೆಂಟ್ ಬೇಡ ಅನ್ನೋದೇ ಮೇಲು. ಆಗುತ್ತೆ ಅಂದರೆ ಒಂದು ಬಾಣಲೆ, ಒಂದು ಹೆಚ್ಚೋ ಹಲಗೆ, ಫ್ರಿಜ್ಜಲ್ಲಿ ಒಂದು ಖಾನೆ ಅವನಿಗೆ. ಹಲಾಲ್ ಅಂಗಡಿ ಎಲ್ಲಿದೆ ಅಂತ ನೋಡಿಟ್ಟಿರಿ. ರಂಜಾನ್‌ನಲ್ಲಿ ಬೆಳಗಿನ ಜಾವದ ಊಟಕ್ಕೆ ಅಡುಗೆಮನೆ ಬಾಗಿಲು ತೆರೆದಿರಲಿ.

ಮಿಡ್ಲೆಂಡ್ಸ್ ಕನ್ನಡತಿ:
ಬಾಣಲೆ ಆಗುತ್ತೆ. ಪ್ಲೇಸ್‌ಮೆಂಟ್ ಪ್ಲ್ಯಾನ್‌ನಲ್ಲಿ ಫೋನ್ ನಂಬರ್‌ಗಳೇ ಇಲ್ಲ, ನಾಳೆ ಸೋಶಿಯಲ್ ವರ್ಕರ್‌ಗೆ ಬರೀತೀನಿ.