ಸಂಸದೀಯ ಸಮಿತಿಗಳು ಇಲಾಖೆಗಳಿಂದ ಲೆಕ್ಕ ಕೇಳುವುದು ಹೇಗೆ? ನಮ್ಮ ಗುಂಪಿನ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಅಡ್ಮಿನ್ ಅವರು ಕೇಳಿಕೊಂಡದ್ದಕ್ಕೆ ಈ ವಾರ ನಿಮ್ಮ ಪ್ರಶ್ನೆಗಳಿಗೆ ನಾನು ಉತ್ತರ ಬರೆಯುತ್ತಿದ್ದೇನೆ. ದೆಹಲಿಯ ಒಂದು ಸಚಿವಾಲಯದಲ್ಲಿ 22 ವರ್ಷ ಕೆಲಸ ಮಾಡಿದವನು ನಾನು. ಅದರಲ್ಲಿ ಜಾಸ್ತಿ ವರ್ಷ ಕಳೆದದ್ದು ಸಂಸದೀಯ ಸಮಿತಿಗಳಿಗೆ ಉತ್ತರ ತಯಾರಿಸುವ ವಿಭಾಗದಲ್ಲಿ. ಈಗ ನಿವೃತ್ತಿಯಾಗಿ ಉಡುಪಿಯ ಕುಂಜಿಬೆಟ್ಟಿನಲ್ಲಿದ್ದೇನೆ. ಇಲ್ಲಿ ಬರೆಯುವುದು ಲೋಕಸಭೆ, ರಾಜ್ಯಸಭೆಯ ಸಮಿತಿಗಳ ಬಗ್ಗೆ ಮಾತ್ರ. ಬೆಂಗಳೂರಿನ ವಿಧಾನಮಂಡಲದ ಸಮಿತಿಗಳು ಬೇರೆ.

ಪ್ರಶ್ನೆ (ಮಲ್ಪೆಯಿಂದ): ಸರ್, ‘ಸ್ಥಾಯಿ ಸಮಿತಿ ಇಲಾಖೆಯನ್ನು ತರಾಟೆಗೆ ತೆಗೆದುಕೊಂಡಿತು’ ಅಂತ ಪೇಪರಲ್ಲಿ ಓದ್ತೇವೆ. ಈ ಸಮಿತಿ ಅಂದ್ರೆ ಎಂತ? ನಮ್ಮ ಬಂದರಿನ ಹೂಳಿನ ವಿಷಯ ಅವರ ಹತ್ತಿರ ಹೇಳಬಹುದಾ?

ಉತ್ತರ: ಕೇಂದ್ರದ ಒಂದೊಂದು ಸಚಿವಾಲಯವೂ ಒಂದಲ್ಲ ಒಂದು ಸ್ಥಾಯಿ ಸಮಿತಿಯ ಕೆಳಗೆ ಬರುತ್ತದೆ. 1993ರಲ್ಲಿ ಇಂಥ 17 ಸಮಿತಿಗಳು ಶುರುವಾದವು. 2004ರಲ್ಲಿ ಅವು 24 ಆದವು. ಒಂದೊಂದರಲ್ಲಿ 31 ಜನ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಎಲ್ಲಾ ಪಕ್ಷದವರೂ ಇರುತ್ತಾರೆ. ಮಂತ್ರಿಗಳಿಗೆ ಮಾತ್ರ ಜಾಗವಿಲ್ಲ. ಲೆಕ್ಕ ಕೊಡಬೇಕಾದವರೇ ಲೆಕ್ಕ ಕೇಳುವ ಕಡೆ ಕೂತರೆ ಹೇಗಾಗುತ್ತದೆ ಅಲ್ವಾ?

ಮೀನುಗಾರಿಕೆಗೆ ಬೇರೆ ಸಮಿತಿ ಇಲ್ಲ. ಅದನ್ನು ನೋಡುವುದು ಕೃಷಿ, ಪಶುಸಂಗೋಪನೆ ಮತ್ತು ಆಹಾರ ಸಂಸ್ಕರಣೆಯ ಸ್ಥಾಯಿ ಸಮಿತಿ. ಮಲ್ಪೆ ಬಂದರಿನ ಹೂಳು ಯಾವಾಗ ತೆಗೆಯುತ್ತೀರಿ ಎಂದು ಅಲ್ಲಿ ಕೇಳಿದರೆ ನಡೆಯುವುದಿಲ್ಲ. ದಿನನಿತ್ಯದ ಆಡಳಿತಕ್ಕೆ ಈ ಸಮಿತಿಗಳು ಕೈಹಾಕಬಾರದು ಎಂಬ ನಿಯಮವಿದೆ. ಆದರೆ 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯನ್ನು ನೋಡಿ. ಅದರ ಒಟ್ಟು ಗಾತ್ರ 20,050 ಕೋಟಿ ರೂಪಾಯಿ. ಬಂದರುಗಳಿಗೆ ಎಂದು ಇಟ್ಟ ಹಣ ಎಷ್ಟು, ಖರ್ಚಾದದ್ದು ಎಷ್ಟು, ಉಳಿದದ್ದು ಯಾಕೆ ಎಂದು ಸಮಿತಿ ಖಂಡಿತ ಕೇಳಬಹುದು. ನಿಮ್ಮ ಹೂಳಿನ ಮಾತನ್ನು ಹೀಗೆ ಯೋಜನೆಯ ಮಾತಾಗಿ ತಿರುಗಿಸಿದರೆ ಅಲ್ಲಿ ಬಾಗಿಲು ತೆರೆಯುತ್ತದೆ.

ಪ್ರಶ್ನೆ (ಕುಂದಾಪುರದ ಉಪನ್ಯಾಸಕಿ): ಸರ್, ಮಕ್ಕಳಿಗೆ ಪಾಠ ಮಾಡುವಾಗ ‘ಸಮಿತಿ ಪರಿಶೀಲಿಸುತ್ತದೆ’ ಎಂದು ಒಂದು ವಾಕ್ಯ ಹೇಳಿ ಮುಗಿಸುತ್ತೇನೆ. ಕೋಣೆಯ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಉತ್ತರ: ಮೇಡಂ, ಇದು ನನಗೆ ಬಹಳ ಹತ್ತಿರದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಫೆಬ್ರವರಿ 1ಕ್ಕೆ ಬಜೆಟ್ ಮಂಡನೆ. ಕೆಲವು ದಿನಗಳಲ್ಲಿ ಸದನಕ್ಕೆ ಬಿಡುವು. ಆ ಬಿಡುವಿನಲ್ಲಿ ಸಮಿತಿಗಳಿಗೆ ಉಸಿರಾಡಲೂ ಸಮಯವಿರುವುದಿಲ್ಲ. ಒಂದೊಂದು ಇಲಾಖೆಯೂ ಕೇಳಿರುವ ಹಣವನ್ನು, ಅಂದರೆ ಅನುದಾನ ಬೇಡಿಕೆಯನ್ನು, ಅವು ನೋಡಿ ವರದಿ ಕೊಡಬೇಕು. ಲೋಕಸಭೆಯಲ್ಲಿ ಪೂರ್ತಿ ಚರ್ಚೆಗೆ ಬರುವುದು ಕೆಲವೇ ಸಚಿವಾಲಯಗಳ ಬೇಡಿಕೆ. ಉಳಿದದ್ದೆಲ್ಲ ಕೊನೆಯ ದಿನ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹೋಗುತ್ತದೆ. ಹಾಗಾಗಿ ಎಷ್ಟೋ ಇಲಾಖೆಗಳ ಖರ್ಚನ್ನು ಸಂಸದರು ಸಾಲು ಸಾಲಾಗಿ ನೋಡುವ ಜಾಗ ಸಮಿತಿಯ ಕೋಣೆ ಒಂದೇ.

ಮೊದಲು ನಮಗೆ ಪ್ರಶ್ನೆಗಳ ಪಟ್ಟಿ ಬರುತ್ತಿತ್ತು. ಒಮ್ಮೊಮ್ಮೆ ನೂರರ ಹತ್ತಿರ. ಎಲ್ಲದರ ಬುಡದಲ್ಲಿ ಇರುವುದು ಮೂರು ಅಂಕಿ: ಬಜೆಟ್‌ನಲ್ಲಿ ಇಟ್ಟದ್ದು, ನಡುವರ್ಷದಲ್ಲಿ ಪರಿಷ್ಕರಿಸಿದ್ದು, ಕೊನೆಗೆ ಖರ್ಚಾದದ್ದು. ಈ ಮೂರರ ನಡುವೆ ಎಲ್ಲಿ ಅಂತರ ಕಂಡಿತೋ ಅಲ್ಲಿ ಸಮಿತಿ ಬೆರಳಿಡುತ್ತದೆ.

ಹೇಳಿಕೆ ಕೊಡುವುದು ಇಲಾಖೆಯ ಕಾರ್ಯದರ್ಶಿ, ಮಂತ್ರಿಯಲ್ಲ. ಹಿಂದಿನ ಸಾಲಿನಲ್ಲಿ ನಮ್ಮಂಥವರು ಮಡಿಲಲ್ಲಿ ಕಡತ ಇಟ್ಟುಕೊಂಡು ಕೂರುತ್ತಿದ್ದೆವು. ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿರುತ್ತಿದ್ದೆವು. ನೀವು ಇಲ್ಲಿ ಹೇಳುವುದು ಪ್ರಕಟವಾಗಬಹುದು, ಗೋಪ್ಯವಾಗಿಡಬೇಕಾದ ಮಾತಿದ್ದರೆ ತಿಳಿಸಿ ಎಂದು ಅಧ್ಯಕ್ಷರು ಮೊದಲೇ ಹೇಳುತ್ತಾರೆ. ಆಮೇಲೆ ಪ್ರತಿ ಮಾತೂ ದಾಖಲಾಗುತ್ತದೆ.

ಒಂದು ಸಭೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇಲಾಖೆಯ ಹೆಸರು ಬೇಡ. ಒಂದು ಯೋಜನೆಯ ಹಣ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ರಾಜ್ಯಗಳಿಂದ ಹಣ ಬಳಕೆಯ ಪ್ರಮಾಣಪತ್ರ ಬಂದಿಲ್ಲ ಎಂದು ನಾವು ಬರೆದುಕೊಟ್ಟಿದ್ದೆವು. ಹಿರಿಯ ಸದಸ್ಯೆಯೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದರು: ‘ಪ್ರಮಾಣಪತ್ರ ಕೊಡಿ ಎಂದು ನೀವು ಎಷ್ಟು ಪತ್ರ ಬರೆದಿದ್ದೀರಿ?’ ಕಾರ್ಯದರ್ಶಿ ನಮ್ಮ ಕಡೆ ತಿರುಗಿದರು. ಕಡತದಲ್ಲಿ ಇದ್ದದ್ದು ಒಂದೇ ಪತ್ರ. ಅದೂ ಸಮಿತಿಯ ಪ್ರಶ್ನೆ ಕೈಗೆ ಬಂದ ಮೇಲೆ ಬರೆದದ್ದು. ಆ ದಿನಾಂಕ ಓದಿ ಹೇಳಬೇಕಾಯಿತು. ಕೋಣೆಯಲ್ಲಿ ಯಾರೂ ಕೂಗಾಡಲಿಲ್ಲ. ಮುಂದಿನ ತಿಂಗಳಿಂದ ಎಲ್ಲಾ ರಾಜ್ಯಗಳಿಗೂ ಪ್ರತಿ ತಿಂಗಳು ಪತ್ರ ಹೋಗತೊಡಗಿತು. ಯಾರ ಆದೇಶವೂ ಬೇಕಾಗಲಿಲ್ಲ.

ಪ್ರಶ್ನೆ (ಕಾರ್ಕಳದಿಂದ): ಸಮಿತಿ ಹೇಳಿದ್ದನ್ನು ಸರ್ಕಾರ ಕೇಳಲೇಬೇಕು ಅಂತ ಉಂಟಾ?

ಉತ್ತರ: ಇಲ್ಲ ಅಣ್ಣ. ಅದು ಸಲಹೆ ಮಾತ್ರ. ಆದರೆ ಸಲಹೆ ಕೇಳಿ ಸುಮ್ನೆ ಕೂರುವ ಹಾಗಿಲ್ಲ. ಏನು ಮಾಡಿದೆವು ಎಂದು ಇಲಾಖೆ 3 ತಿಂಗಳೊಳಗೆ ಬರೆದು ತಿಳಿಸಬೇಕು. ವರದಿ ಮಂಡನೆಯಾಗಿ 6 ತಿಂಗಳೊಳಗೆ ಮಂತ್ರಿಯೂ ಸದನದಲ್ಲಿ ಅದರ ಸ್ಥಿತಿ ಹೇಳಬೇಕು.

ಆ ಉತ್ತರಗಳನ್ನು ಇಟ್ಟುಕೊಂಡು ಸಮಿತಿ ಇನ್ನೊಂದು ವರದಿ ಮಾಡುತ್ತದೆ. ಅದೇ ಕ್ರಮ ಕೈಗೊಂಡ ವರದಿ. ಪತ್ರಿಕೆಗಳಲ್ಲಿ ಇದರ ಸುದ್ದಿ ಬರುವುದು ಕಮ್ಮಿ. ನನ್ನನ್ನು ಕೇಳಿದರೆ ಓದಬೇಕಾದದ್ದು ಇದನ್ನೇ. ಇದರಲ್ಲಿ ಎರಡನೇ ಅಧ್ಯಾಯದಲ್ಲಿ ಸರ್ಕಾರ ಒಪ್ಪಿದ ಸಲಹೆಗಳು. ಮೂರನೆಯದರಲ್ಲಿ ಉತ್ತರ ನೋಡಿ ಸಮಿತಿಯೇ ಕೈಬಿಟ್ಟವು. ನಾಲ್ಕನೆಯದರಲ್ಲಿ ಸಮಿತಿಗೆ ಒಪ್ಪಿಗೆಯಾಗದ ಉತ್ತರಗಳು. ಐದನೆಯದರಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬಂಥ ಮಧ್ಯಂತರ ಉತ್ತರಗಳು. ನಾವು ಕಚೇರಿಯಲ್ಲಿ ಹೆದರುತ್ತಿದ್ದದ್ದು ನಾಲ್ಕನೇ ಅಧ್ಯಾಯಕ್ಕೆ. ‘ನಮ್ಮದು ಎಷ್ಟು ನಾಲ್ಕಕ್ಕೆ ಹೋಯ್ತು?’ ಎಂದು ಮೇಲಿನವರು ಮೊದಲು ಕೇಳುತ್ತಿದ್ದರು. ಸಮಿತಿಗೆ ಕೋಲಿಲ್ಲ, ನಿಜ. ಬರೆದುಕೊಟ್ಟ ಮಾತನ್ನು ಅದು ಮರೆಯುವುದಿಲ್ಲ. ಅದರ ಬಲ ಇರುವುದೇ ಅಲ್ಲಿ.

ಪ್ರಶ್ನೆ (ಮಂಗಳೂರು, ನಿವೃತ್ತ ಬ್ಯಾಂಕ್ ನೌಕರ): ಸರ್, ನಮ್ಮ ಜಿಲ್ಲೆಯ ಬ್ಯಾಂಕುಗಳು ಒಂದೊಂದೇ ವಿಲೀನವಾದವು. ವಸೂಲಾಗದ ಸಾಲದ ಬಗ್ಗೆ ಸಂಸತ್ತಿನಲ್ಲಿ ಯಾರಾದರೂ ಸರಿಯಾಗಿ ಕೇಳಿದ್ದಾರಾ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ ಸರ್. 2019ರಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಮತ್ತು ಸಿಂಡಿಕೇಟ್. ನಮ್ಮ ಮನೆಯಲ್ಲೂ ಸಿಂಡಿಕೇಟಿನ ಹಳೇ ಪಾಸ್‌ಬುಕ್ ಇದೆ.

ಕೇಳಿದ್ದಾರೆ. ಸರ್ಕಾರದ ಖರ್ಚಿನ ಅಂದಾಜುಗಳನ್ನು ನೋಡುವ ಸಮಿತಿಯೊಂದಿದೆ, ಅದೇ ಅಂದಾಜು ಸಮಿತಿ. 2018ರಲ್ಲಿ ಮುರಳಿ ಮನೋಹರ ಜೋಶಿ ಅಧ್ಯಕ್ಷರಾಗಿದ್ದಾಗ ಅದು, ರಿಸರ್ವ್ ಬ್ಯಾಂಕಿನ ಹಿಂದಿನ ಗವರ್ನರ್ ರಘುರಾಮ್ ರಾಜನ್ ಅವರಿಂದ ಲಿಖಿತ ವಿವರಣೆ ಕೇಳಿತು. ಕೆಟ್ಟ ಸಾಲಗಳಲ್ಲಿ ಹೆಚ್ಚಿನವು 2006ರಿಂದ 2008ರ ನಡುವೆ ಹುಟ್ಟಿದವು ಎಂದು ಅವರು ಬರೆದರು. ದೊಡ್ಡ ವಂಚನೆ ಪ್ರಕರಣಗಳ ಪಟ್ಟಿಯನ್ನು ಪ್ರಧಾನಿ ಕಚೇರಿಗೆ ಕಳಿಸಿದ್ದೆ ಎಂದೂ ಬರೆದರು. ಅಂದರೆ ಒಂದೇ ಪತ್ರದಲ್ಲಿ ಎರಡು ಸರ್ಕಾರಗಳಿಗೂ ಪ್ರಶ್ನೆ ಇತ್ತು. ಆಡಳಿತ ಪಕ್ಷದ ಹಿರಿಯರೇ ಅಧ್ಯಕ್ಷರಾಗಿದ್ದಾಗ ಇದು ನಡೆದದ್ದು ಎಂಬುದನ್ನು ಗಮನಿಸಿ.

ಅಂದಾಜು ಸಮಿತಿಯಲ್ಲಿ 30 ಜನ, ಎಲ್ಲರೂ ಲೋಕಸಭೆಯವರು. ಇನ್ನೊಂದು ಹಳೆಯ ಸಮಿತಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ, 1921ರಿಂದ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹಿಡಿದು ಖರ್ಚಾದ ಹಣದ ಲೆಕ್ಕ ಕೇಳುವುದು ಅದರ ಕೆಲಸ. 1967ರಿಂದ ಅದರ ಅಧ್ಯಕ್ಷ ಸ್ಥಾನವನ್ನು ವಿರೋಧ ಪಕ್ಷಕ್ಕೆ ಕೊಡುವ ಪದ್ಧತಿ ನಡೆದು ಬಂದಿದೆ.

ಪ್ರಶ್ನೆ (ಇಂದ್ರಾಳಿಯಿಂದ): ನಮ್ಮ ಉಡುಪಿ ಸ್ಟೇಷನ್ ಕೊಂಕಣ ರೈಲ್ವೆಯದ್ದು. ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗಕ್ಕೆ. ಸುಬ್ರಹ್ಮಣ್ಯ ಕಡೆ ಹೋದರೆ ಮೈಸೂರು ವಿಭಾಗ. ಲೆಕ್ಕ ಕೇಳುವುದು ಯಾರು ಮಾರಾಯ್ರೆ?

ಉತ್ತರ: ಮೂರಕ್ಕೂ ರೈಲ್ವೆ ಸ್ಥಾಯಿ ಸಮಿತಿ ಒಂದೇ. ಅಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷರೇ ಬಂದು ಉತ್ತರಿಸಬೇಕು. ಕೊಂಕಣ ರೈಲ್ವೆ ನಿಗಮ, ಅಂದರೆ ಸರ್ಕಾರಿ ಕಂಪನಿ, ಆದ್ದರಿಂದ ಸಾರ್ವಜನಿಕ ಉದ್ಯಮಗಳ ಸಮಿತಿಯೂ ಅದನ್ನು ಕರೆಯಬಹುದು. 2017ರಿಂದ ರೈಲ್ವೆಗೆ ಬೇರೆ ಬಜೆಟ್ ಇಲ್ಲ. ಆದ್ದರಿಂದ ಈ ಸಮಿತಿಯ ವರದಿಗೆ ಈಗ ಇನ್ನೂ ಬೆಲೆ ಜಾಸ್ತಿ.

ಪ್ರಶ್ನೆ (ಸುರತ್ಕಲ್‌ನಿಂದ): ತಮ್ಮ ಲಂಡನ್‌ನಲ್ಲಿ ಓದ್ತಾ ಇದ್ದಾನೆ. ಅಲ್ಲಿ ಸಮಿತಿಯವರು ಮಂತ್ರಿಯನ್ನೇ ಕೂರಿಸಿ ಕೇಳ್ತಾರಂತೆ, ಎಲ್ಲರೂ ನೋಡಬಹುದಂತೆ. ನಮ್ಮಲ್ಲಿ ಯಾಕೆ ಬಾಗಿಲು ಮುಚ್ಚಿ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸರಿ. ಅಲ್ಲಿ 1979ರಿಂದ ಇಲಾಖೆಗೊಂದು ಸಮಿತಿ ಇದೆ. ಮಂತ್ರಿಗಳೂ ಬರುತ್ತಾರೆ, ನೇರ ಪ್ರಸಾರವೂ ಇದೆ. 2010ರಿಂದ ಹೆಚ್ಚಿನ ಅಧ್ಯಕ್ಷರನ್ನು ಸದಸ್ಯರೇ ಗುಪ್ತ ಮತದಿಂದ ಆರಿಸುತ್ತಾರೆ. ನಮ್ಮಲ್ಲಿ ಸ್ಪೀಕರ್ ಅಥವಾ ರಾಜ್ಯಸಭೆಯ ಸಭಾಪತಿ ನೇಮಿಸುತ್ತಾರೆ.

ಬಾಗಿಲು ಮುಚ್ಚಿದ್ದರಿಂದ ಒಂದು ಒಳ್ಳೆಯದನ್ನು ನಾನೇ ಕಂಡಿದ್ದೇನೆ. ಕ್ಯಾಮೆರಾ ಇಲ್ಲ, ಹೀಗೇ ಮತ ಹಾಕಿ ಎನ್ನುವ ಪಕ್ಷದ ವಿಪ್ ಇಲ್ಲ. ಸದನದಲ್ಲಿ ಬೆಳಗ್ಗೆ ಜಗಳಾಡಿದವರು ಮಧ್ಯಾಹ್ನ ಒಂದೇ ಮೇಜಿನಲ್ಲಿ ಒಂದೇ ಪ್ರಶ್ನೆ ಹಿಡಿದು ನಮ್ಮನ್ನು ಕೇಳುತ್ತಿದ್ದರು. ಆದರೂ ಇಲಾಖೆಗಳು ಹೇಳಿಕೆ ಕೊಡುವ ಭಾಗವನ್ನಾದರೂ ಜನರಿಗೆ ತೋರಿಸಬೇಕು ಎನ್ನುವುದೇ ನನ್ನ ಅಭಿಪ್ರಾಯ. ಸದಸ್ಯರು ತಮ್ಮೊಳಗೆ ಚರ್ಚಿಸಿ ವರದಿ ಬರೆಯುವ ಭಾಗ ಒಳಗೇ ಇರಲಿ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಬೇರೆ ವಿಷಯ. 2009ರಿಂದ 2014ರ ಲೋಕಸಭೆಯ ಕಾಲದಲ್ಲಿ ಸುಮಾರು 71% ಮಸೂದೆಗಳು ಸಮಿತಿಗೆ ಹೋಗಿದ್ದವು. 2019ರಿಂದ 2024ರ ಅವಧಿಯಲ್ಲಿ ಅದು ಸುಮಾರು 16%ಕ್ಕೆ ಇಳಿಯಿತು. ಸಮಿತಿಗೆ ಹೋದರೆ ತಜ್ಞರು, ಸಂಘದವರು, ನಿಮ್ಮಂಥ ನಮ್ಮಂಥವರು ಒಂದು ಮಾತು ಹೇಳಬಹುದು. ಹೋಗದೇ ಇದ್ದರೆ ಆ ಮಾತು ಹೇಳಲು ಜಾಗವೇ ಇರುವುದಿಲ್ಲ.

ಪ್ರಶ್ನೆ (ಮತ್ತೆ ಮಲ್ಪೆಯಿಂದ): ಸರ್, ಹಾಗಾದ್ರೆ ನಾವು ಈಗ ಎಂತ ಮಾಡುವುದು?

ಉತ್ತರ: ಸಮಿತಿ ಮಸೂದೆಯನ್ನು ಕೈಗೆತ್ತಿಕೊಂಡಾಗ ಸಲಹೆ ಕೊಡಿ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ. ಅದನ್ನು ಬಿಡಬೇಡಿ. ಉಳಿದ ಸಮಯದಲ್ಲೂ ನಿಮ್ಮ ಸಂಘದಿಂದ ಸಮಿತಿಯ ಅಧ್ಯಕ್ಷರಿಗೆ ಮನವಿ ಬರೆಯಬಹುದು. ಎರಡು ಪುಟ ಸಾಕು. ಯಾವ ಯೋಜನೆ, ಹಣ ಎಲ್ಲಿ ನಿಂತಿದೆ, ಎಷ್ಟು ದೋಣಿಗೆ ತೊಂದರೆ, ಇಷ್ಟು ಇರಲಿ. ಫೋಟೋ ಇದ್ದರೆ ದಿನಾಂಕ ಹಾಕಿ. ಸಿಟ್ಟಿನ ಮಾತು ಬೇಡ. ಆ ಕಡೆ ಕೂತು ಪ್ರಶ್ನೆ ತಯಾರಿಸುವವರಿಗೆ ಬೇಕಾದದ್ದು ಗಟ್ಟಿ ಸಂಗತಿ. ಒಂದು ಪ್ರತಿಯನ್ನು ನಮ್ಮ ಸಂಸದರಿಗೂ ಕೊಡಿ. ಅವರು ಆ ಸಮಿತಿಯಲ್ಲಿ ಇಲ್ಲದಿದ್ದರೂ ಇರುವವರ ಕೈಗೆ ಮುಟ್ಟಿಸಬಹುದು. ಬಜೆಟ್‌ಗಿಂತ ಮೊದಲೇ, ಡಿಸೆಂಬರ್ ಒಳಗೆ ಕಳಿಸಿದರೆ ಒಳ್ಳೆಯದು.

ವರದಿಗಳು ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಇಲ್ಲದ್ದು ನನಗೆ ನಿಜವಾಗಿಯೂ ಬೇಸರ. ನಮ್ಮ ದುಡ್ಡಿನ ಲೆಕ್ಕ ನಮ್ಮ ಭಾಷೆಯಲ್ಲಿ ಸಿಗಬೇಕು. ಮೀನುಗಾರಿಕೆ ಇಲಾಖೆಯ ಕ್ರಮ ಕೈಗೊಂಡ ವರದಿಯಿಂದ ನಾಲ್ಕು ಮತ್ತು ಐದನೇ ಅಧ್ಯಾಯಗಳನ್ನು ನಾನೇ ಕನ್ನಡಕ್ಕೆ ತರುತ್ತಿದ್ದೇನೆ. ಶನಿವಾರ ಸಂಜೆಯೊಳಗೆ ಇಲ್ಲಿ ಹಾಕುತ್ತೇನೆ. ಮನವಿಯ ಕರಡು ಬರೆದರೆ ಕಳಿಸಿ, ಒಟ್ಟಿಗೆ ನೋಡುವ.