ಫಾರ್ಮಕಾಲಜಿಗೆ ಒಂದೇ ಪುಸ್ತಕ ಅಂದ್ರೆ ಯಾವುದು? ಪಾಠ ಮಾಡುವವರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮೆಡಿಕಲ್ ವಿದ್ಯಾರ್ಥಿ, ಫಾರ್ಮಕಾಲಜಿ (ಔಷಧಶಾಸ್ತ್ರ) ಈಗಷ್ಟೇ ಶುರುವಾಗಿದೆ. ಸೀನಿಯರ್‌ಗಳನ್ನು ಕೇಳಿದರೆ ಒಬ್ಬರು ಗುಡ್‌ಮನ್ ಗಿಲ್ಮನ್ ಅನ್ನುತ್ತಾರೆ, ಇನ್ನೊಬ್ಬರು ಕಾಟ್ಜುಂಗ್, ಮತ್ತೊಬ್ಬರು ರ‍್ಯಾಂಗ್ ಅಂಡ್ ಡೇಲ್, ಇನ್ನೂ ಒಬ್ಬರು ಲಿಪಿನ್‌ಕಾಟ್ ಇದ್ದರೆ ಸಾಕು ಅನ್ನುತ್ತಾರೆ. ನಾಲ್ಕೂ ತಂದಿಟ್ಟುಕೊಂಡು ಒಂದನ್ನೂ ಪೂರ್ತಿ ಓದದೆ ಇರೋದು ನನಗೆ ಬೇಡ. ಒಂದೇ ತಗೋಬೇಕು ಅಂದ್ರೆ ಯಾವುದು?

ಉತ್ತರ: ನಮಸ್ಕಾರ. ಒಂದೇ ಸಾಕು ಅಂತ ಯೋಚಿಸಿದ್ದೀರಲ್ಲ, ಅದು ತುಂಬಾ ಸರಿ. ನಾನು ಹೆಸರು ಹೇಳುವ ಮೊದಲು ನೀವೊಂದು ಕೆಲಸ ಮಾಡಿ. ಲೈಬ್ರರಿಗೆ ಹೋಗಿ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಅನ್ನುವ ಒಂದೇ ಔಷಧದ ಬಗ್ಗೆ ಓದಿ, ಬೇರೇನೂ ಬೇಡ. ಆಮೇಲೆ ಪುಸ್ತಕ ಮುಚ್ಚಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಯಾಕೆ ಇಳಿಯುತ್ತದೆ? ಇದು ಕ್ಯಾಲ್ಸಿಯಂ ಅನ್ನು ಮೂತ್ರಕ್ಕೆ ಬಿಟ್ಟರೆ, ಅದರ ಹಾಗೇ ಮೂತ್ರ ಹೆಚ್ಚಿಸುವ ಥಯಾಜೈಡ್ ಯಾಕೆ ಕ್ಯಾಲ್ಸಿಯಂ ಅನ್ನು ಒಳಗೇ ಉಳಿಸುತ್ತದೆ? ಕಿಡ್ನಿಯ ಮೇಲೆ ಕೆಲಸ ಮಾಡುವ ಔಷಧ ಕಿವಿಗೆ ಯಾಕೆ ತೊಂದರೆ ಕೊಡುತ್ತದೆ?

ಉತ್ತರಗಳೆಲ್ಲ ಒಂದೇ ಜಾಗದಿಂದ ಹೊರಡುತ್ತವೆ. ಕಿಡ್ನಿಯ ಸಣ್ಣ ನಳಿಕೆ ಬಾಗುವ ಜಾಗವಾದ ಹೆನ್ಲೆ ಲೂಪ್‌ನ ಮೇಲೇರುವ ದಪ್ಪ ಭಾಗದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರನ್ನೂ ಒಟ್ಟಿಗೆ ಒಳಗೆಳೆಯುವ ಒಂದು ಪ್ರೋಟೀನ್ ಇದೆ. ಫ್ಯೂರೋಸೆಮೈಡ್ ಅದನ್ನು ತಡೆಯುತ್ತದೆ. ಒಳಗೆ ಬರಬೇಕಿದ್ದ ಸೋಡಿಯಂ ಮುಂದಕ್ಕೆ ಹರಿದುಹೋಗುತ್ತದೆ, ಮುಂದಿನ ನಳಿಕೆಯಲ್ಲಿ ಸೋಡಿಯಂ ಹೀರಿಕೊಳ್ಳುವಾಗ ಅದರ ಬದಲಿಗೆ ಪೊಟ್ಯಾಸಿಯಂ ಆಚೆ ಹೋಗುತ್ತದೆ. ಆ ಪ್ರೋಟೀನ್ ಕೆಲಸ ಮಾಡುತ್ತಿದ್ದಾಗ ನಳಿಕೆಯೊಳಗೆ ಹುಟ್ಟುತ್ತಿದ್ದ ಧನ ವಿದ್ಯುದಾವೇಶವೇ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಒಳಕ್ಕೆ ತಳ್ಳುತ್ತಿತ್ತು, ಈಗ ಅದೂ ಇಲ್ಲ, ಹಾಗಾಗಿ ಎರಡೂ ನಷ್ಟ. ಥಯಾಜೈಡ್ ತಡೆಯೋದು ಇನ್ನೂ ಮುಂದಿನ ಭಾಗದ ಬೇರೆ ಪ್ರೋಟೀನನ್ನು, ಅಲ್ಲಿ ಕ್ಯಾಲ್ಸಿಯಂ ಹೀರುವಿಕೆ ಜಾಸ್ತಿಯಾಗುತ್ತದೆ. ಕಿವಿಯ ಒಳಭಾಗದಲ್ಲೂ ಇದೇ ಕುಟುಂಬದ ಪ್ರೋಟೀನ್ ಇದೆ, ಔಷಧ ಅದನ್ನೂ ತಡೆಯುತ್ತದೆ. ನೋಡಿ, ಬಾಯಿಪಾಠ ಮಾಡಬೇಕಿದ್ದ ಅಡ್ಡಪರಿಣಾಮಗಳ ಪಟ್ಟಿ ಒಂದು ಸಣ್ಣ ಕಥೆಯಾಯಿತು ಅಲ್ವಾ? ಯಾವ ಪುಸ್ತಕ ಓದಿದ ಮೇಲೆ ಈ ಕಥೆಯನ್ನು ನೀವೇ ಸ್ನೇಹಿತರಿಗೆ ಹೇಳೋಕೆ ಆಗುತ್ತದೋ ಅದನ್ನು ತಗೊಳ್ಳಿ.

ಇನ್ನು ನಾಲ್ಕರ ಸ್ವಭಾವ. ಗುಡ್‌ಮನ್ ಗಿಲ್ಮನ್ ಮೊದಲು ಬಂದದ್ದು 1941ರಲ್ಲಿ, ಸಾವಿರ ಪುಟ ಮೀರಿದ ಪುಸ್ತಕ, ನನಗೆ ಅದರ ಮೇಲೆ ಬಹಳ ಗೌರವ. ಅದನ್ನು ಬರೆದ ಗಿಲ್ಮನ್ ಅವರ ಮಗ ಹುಟ್ಟಿದ್ದೂ ಅದೇ ವರ್ಷ, ಅಪ್ಪನ ಸಹಲೇಖಕ ಗುಡ್‌ಮನ್ ಅವರ ಹೆಸರನ್ನೇ ಮಗುವಿಗೂ ಸೇರಿಸಿದರು, ಆ ಆಲ್ಫ್ರೆಡ್ ಗುಡ್‌ಮನ್ ಗಿಲ್ಮನ್ ಮುಂದೆ ಜೀವಕೋಶದೊಳಗೆ ಸಂದೇಶ ದಾಟಿಸುವ ಜಿ ಪ್ರೋಟೀನ್ ಮೇಲಿನ ಕೆಲಸಕ್ಕೆ 1994ರಲ್ಲಿ ನೊಬೆಲ್ ಪಡೆದರು. ರಿಸೆಪ್ಟರ್ (ಜೀವಕೋಶದಲ್ಲಿ ಔಷಧ ಕೂರುವ ಜಾಗ) ಅಧ್ಯಾಯ ಪಾಠ ಮಾಡುವಾಗ ಇದನ್ನು ಹೇಳದೆ ನಾನು ಮುಂದೆ ಹೋಗೋದಿಲ್ಲ. ಆದರೆ ಮೊದಲ ಸಲ ಓದುವವರು ಅದನ್ನು ಮೊದಲ ಪುಟದಿಂದ ಹಿಡಿದು ಕೂತರೆ ಪರೀಕ್ಷೆ ಬರುವಷ್ಟರಲ್ಲಿ ಅರ್ಧ ದಾರಿಯಲ್ಲಿರುತ್ತಾರೆ. ಅದು ಸಂದೇಹ ಬಂದಾಗ ತೆರೆಯುವ ಪುಸ್ತಕ.

ಕಾಟ್ಜುಂಗ್‌ನಲ್ಲಿ ಅಧ್ಯಾಯಗಳು ಒಬ್ಬ ರೋಗಿಯ ಕಥೆಯಿಂದ ಶುರುವಾಗುತ್ತವೆ, ಕೊನೆಯಲ್ಲಿ ಅದಕ್ಕೆ ಉತ್ತರ ಇರುತ್ತದೆ, ಜೊತೆಗೆ ಔಷಧಗಳ ಸಾರಾಂಶದ ಕೋಷ್ಟಕ. ವಾರ್ಡ್ ಕಡೆ ಮನಸ್ಸಿರುವವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ರ‍್ಯಾಂಗ್ ಅಂಡ್ ಡೇಲ್ 1987ರಿಂದ ಬರುತ್ತಿರುವ ಬ್ರಿಟಿಷ್ ಪುಸ್ತಕ, ಔಷಧ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಬಿಡಿಸಿ ಹೇಳೋದರಲ್ಲಿ ನನಗೆ ಅದೇ ಇಷ್ಟ, ಮುಖ್ಯ ಅಂಶಗಳನ್ನು ಅಲ್ಲಲ್ಲೇ ಚೌಕದಲ್ಲಿ ಕೊಡುತ್ತಾರೆ. ಲಿಪಿನ್‌ಕಾಟ್ ಚಿತ್ರಗಳ ಪುಸ್ತಕ. ಬೇಗ ಓದಿಸಿಕೊಳ್ಳುತ್ತದೆ, ತಿರುಗಿ ಓದೋಕೆ ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಿಕೊಂಡವರು "ಯಾಕೆ?" ಅಂತ ಎರಡನೇ ಸಲ ಕೇಳಿದರೆ ನಿಂತುಬಿಡುತ್ತಾರೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎಷ್ಟೋ ಸಲ ನೋಡಿದ್ದೇನೆ. ಮುಖ್ಯ ಪುಸ್ತಕವಾಗಿ ಕಾಟ್ಜುಂಗ್ ಅಥವಾ ರ‍್ಯಾಂಗ್ ಅಂಡ್ ಡೇಲ್, ಇಷ್ಟೇ ನನ್ನ ಸಲಹೆ. ಇವೆರಡರಲ್ಲಿ ಯಾವುದು ಅನ್ನೋದನ್ನು ಫ್ಯೂರೋಸೆಮೈಡ್ ಹೇಳುತ್ತದೆ.

ಪ್ರಶ್ನೆ: ಮೇಡಂ, ಇದೇ ವಿಷಯದಲ್ಲಿ ನಂದೂ ಒಂದು ಪ್ರಶ್ನೆ. ಸೀನಿಯರ್ ಒಬ್ಬರು ಅವರ ಹಳೆಯ ಕಾಟ್ಜುಂಗ್ ಸುಮ್ನೆ ಕೊಡ್ತೀನಿ ಅಂದಿದ್ದಾರೆ. ಎರಡು ಮೂರು ಆವೃತ್ತಿ ಹಿಂದಿನದು. ಓದಬಹುದಾ, ಅಥವಾ ಹೊಸದೇ ಬೇಕಾ?

ಉತ್ತರ: ಎಲ್ಲ ಅಧ್ಯಾಯಗಳಿಗೂ ಒಂದೇ ವೇಗದಲ್ಲಿ ವಯಸ್ಸಾಗೋದಿಲ್ಲ. ಔಷಧ ದೇಹದಲ್ಲಿ ಹೇಗೆ ಹರಡುತ್ತದೆ, ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ, ಅಸಿಟೈಲ್‌ಕೋಲಿನ್, ಅಡ್ರಿನಲಿನ್, ಅಟ್ರೋಪಿನ್, ಲೋಕಲ್ ಅನಸ್ತೀಸಿಯಾ, ಇವೆಲ್ಲ ಹತ್ತು ವರ್ಷ ಹಳೆಯ ಪುಸ್ತಕದಲ್ಲೂ ಗಟ್ಟಿಯಾಗೇ ಇರುತ್ತವೆ. ಧೈರ್ಯವಾಗಿ ಓದಿ.

ಆದರೆ ಡಯಾಬಿಟಿಸ್, ಕ್ಯಾನ್ಸರ್, ಎಚ್‌ಐವಿ, ಹೆಪಟೈಟಿಸ್ ಸಿ, ಹೃದಯ ವೈಫಲ್ಯ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ಈ ಅಧ್ಯಾಯಗಳನ್ನು ಹೊಸದರಲ್ಲೇ ಓದಬೇಕು, ಇದರಲ್ಲಿ ರಾಜಿ ಬೇಡ. ಡಪಾಗ್ಲಿಫ್ಲೊಜಿನ್ ತರಹದ ಔಷಧಗಳನ್ನೇ ನೋಡಿ. 2012, 2013ರ ಹೊತ್ತಿಗೆ ಮಾರುಕಟ್ಟೆಗೆ ಬಂದಾಗ ಅವು ಸಕ್ಕರೆ ಇಳಿಸುವ ಔಷಧಗಳು ಮಾತ್ರ. 2020ರಿಂದ ಡಯಾಬಿಟಿಸ್ ಇಲ್ಲದ ಹೃದಯ ವೈಫಲ್ಯದ ರೋಗಿಗೂ ಕೊಡುತ್ತಿದ್ದೇವೆ. ಹಳೆಯ ಪುಸ್ತಕದ ಹೃದಯ ಅಧ್ಯಾಯದಲ್ಲಿ ಅವುಗಳ ಹೆಸರೇ ಇರೋದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಮಾತು ಪೂರಾ ತಿರುಗಿದ್ದೂ ಇದೆ. ಹೃದಯ ವೈಫಲ್ಯದಲ್ಲಿ, ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಡಲೇಬಾರದು ಅಂತ ಒಂದು ಕಾಲದಲ್ಲಿ ಕಲಿಸುತ್ತಿದ್ದರು. 1990ರ ದಶಕದ ದೊಡ್ಡ ಪ್ರಯೋಗಗಳಲ್ಲಿ, ರೋಗಿ ಸ್ಥಿರವಾದ ಮೇಲೆ ಕಡಿಮೆ ಡೋಸ್‌ನಿಂದ ನಿಧಾನವಾಗಿ ಏರಿಸಿದರೆ ಸಾವು ಕಡಿಮೆಯಾಗುತ್ತದೆ ಅಂತ ಗೊತ್ತಾಯಿತು. ಇವತ್ತು ಅದು ಮುಖ್ಯ ಚಿಕಿತ್ಸೆಗಳಲ್ಲಿ ಒಂದು.

ಕೈಯಲ್ಲಿರುವ ಪುಸ್ತಕ ಎಷ್ಟು ಹಳೆಯದು ಅಂತ ಅಳೆಯೋಕೆ ಮುದ್ರಣದ ವರ್ಷ ಒಂದೇ ಸಾಲದು. ಡಯಾಬಿಟಿಸ್ ಅಧ್ಯಾಯ ತೆಗೆದು ಸೆಮಾಗ್ಲುಟೈಡ್ ಹುಡುಕಿ, ಅದು ಒಪ್ಪಿಗೆ ಪಡೆದದ್ದು 2017ರಲ್ಲಿ. ನೋವಿನ ಔಷಧಗಳ ಅಧ್ಯಾಯದಲ್ಲಿ ರೋಫೆಕಾಕ್ಸಿಬ್ ಬಗ್ಗೆ ಏನು ಬರೆದಿದ್ದಾರೆ ನೋಡಿ. ಹೃದಯಾಘಾತದ ಅಪಾಯದಿಂದ ಅದನ್ನು 2004ರಲ್ಲೇ ಹಿಂತೆಗೆದುಕೊಂಡರು, ಇನ್ನೂ ಬಳಕೆಯಲ್ಲಿದೆ ಅಂತಿದ್ದರೆ ಆ ಪುಸ್ತಕವನ್ನು ನಯವಾಗಿ ವಾಪಸ್ ಕೊಡಿ.

ಪ್ರಶ್ನೆ: ನನಗೆ ಹೆಸರುಗಳದ್ದೇ ಗೋಳು. ಪಾಠದಲ್ಲಿ ಅಡ್ರಿನಲಿನ್ ಅಂತಾರೆ, ಪುಸ್ತಕದಲ್ಲಿ ಎಪಿನೆಫ್ರಿನ್ ಅಂತಿದೆ, ಬೇರೆ ಔಷಧ ಅಂದುಕೊಂಡು ಎರಡು ಸಲ ನೋಟ್ಸ್ ಮಾಡಿದ್ದೇನೆ. ಇದಕ್ಕೂ ಪುಸ್ತಕಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ, ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಅಮೆರಿಕದ ಪುಸ್ತಕಗಳಲ್ಲಿ ಎಪಿನೆಫ್ರಿನ್, ಅಸಿಟಮಿನೋಫೆನ್, ಆಲ್ಬ್ಯುಟೆರಾಲ್, ಮೆಪೆರಿಡಿನ್, ಗ್ಲೈಬ್ಯುರೈಡ್. ಬ್ರಿಟಿಷ್ ಪುಸ್ತಕಗಳಲ್ಲಿ ಅವೇ ಕ್ರಮವಾಗಿ ಅಡ್ರಿನಲಿನ್, ಪ್ಯಾರಾಸಿಟಮಾಲ್, ಸಾಲ್ಬ್ಯುಟಮಾಲ್, ಪೆಥಿಡಿನ್, ಗ್ಲಿಬೆನ್‌ಕ್ಲಮೈಡ್. ನಿಮ್ಮ ಆಸ್ಪತ್ರೆಯಲ್ಲಿ, ಪರೀಕ್ಷೆಯಲ್ಲಿ ಯಾವ ಹೆಸರು ನಡೆಯುತ್ತದೋ ಆ ಹೆಸರು ಬಳಸುವ ಪುಸ್ತಕ ಆರಿಸಿದರೆ ಅರ್ಧ ಗೋಳು ತಪ್ಪುತ್ತದೆ. ಇಲ್ಲದಿದ್ದರೆ ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ಈ ಜೋಡಿಗಳನ್ನು ಬರೆದಿಟ್ಟುಕೊಳ್ಳಿ, ಜಾಸ್ತಿ ಏನೂ ಇಲ್ಲ, ಇಪ್ಪತ್ತರ ಆಸುಪಾಸು ಬರೆದರೆ ದಿನನಿತ್ಯದ್ದು ಮುಗಿಯುತ್ತದೆ.

ಹೆಸರಿನ ಬಾಲವೂ ಸಹಾಯ ಮಾಡುತ್ತದೆ. ಓಲಾಲ್ ಅಂತ ಮುಗಿದರೆ ಬೀಟಾ ಬ್ಲಾಕರ್, ಪ್ರಿಲ್ ಅಂದರೆ ಏಸ್ ಅನ್ನುವ ಕಿಣ್ವವನ್ನು ತಡೆಯುವವು, ಸಾರ್ಟಾನ್ ಅಂದರೆ ರಕ್ತದೊತ್ತಡ ಏರಿಸುವ ಆಂಜಿಯೊಟೆನ್ಸಿನ್‌ನ ರಿಸೆಪ್ಟರ್ ಮುಚ್ಚುವವು. ಆದರೆ ಕುರುಡಾಗಿ ನಂಬಬೇಡಿ. ಒಮೆಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ, ಅರಿಪಿಪ್ರಜೋಲ್ ಮನೋರೋಗಕ್ಕೆ. ಬಾಲ ಒಂದೇ ತರಹ ಕೇಳುತ್ತದೆ, ಕೆಲಸ ಎಲ್ಲಿಂದೆಲ್ಲಿಗೆ!

ಪ್ರಶ್ನೆ: ಸಣ್ಣ ನೋಟ್ಸ್ ಪುಸ್ತಕ ಮತ್ತು ಎಂಸಿಕ್ಯೂ (ಬಹು ಆಯ್ಕೆ ಪ್ರಶ್ನೆಗಳು) ಮಾತ್ರ ಓದಿ ಪಾಸಾದವರು ಎಷ್ಟೋ ಜನ ಇದ್ದಾರಲ್ಲ ಮೇಡಂ. ದೊಡ್ಡ ಪುಸ್ತಕಕ್ಕೆ ಟೈಮ್ ಎಲ್ಲಿದೆ? ಇಂಗ್ಲಿಷ್ ಓದೋದೂ ನನಗೆ ನಿಧಾನ.

ಉತ್ತರ: ಪಾಸಾಗಬಹುದು, ಇಲ್ಲ ಅನ್ನೋದಿಲ್ಲ. ಆದರೆ ಎರಡು ವರ್ಷ ಕಳೆದು ವಾರ್ಡ್‌ನಲ್ಲಿ ನಿಂತಾಗ ಅದೇ ಹುಡುಗರು ಬಂದು "ಮೇಡಂ, ಎಲ್ಲ ಮರೆತುಹೋಗಿದೆ" ಅನ್ನುವಾಗ ನನಗೆ ನಿಜವಾಗಲೂ ಸಂಕಟ ಆಗುತ್ತದೆ. ಕಾರಣ ಗೊತ್ತಿಲ್ಲದೆ ಕಲಿತದ್ದು ನಿಲ್ಲೋದಿಲ್ಲ.

ದೊಡ್ಡ ಪುಸ್ತಕದ ಎಲ್ಲವನ್ನೂ ಓದಿ ಅಂತ ನಾನು ಹೇಳುತ್ತಿಲ್ಲ. ಪ್ರತಿ ಗುಂಪಿನಲ್ಲಿ ಒಂದು ಔಷಧ ಆರಿಸಿಕೊಳ್ಳಿ, ಅದನ್ನು ಪೂರ್ತಿ ಓದಿ. ಉಳಿದವು ಅದಕ್ಕಿಂತ ಎಲ್ಲಿ ಬೇರೆ ಅನ್ನೋದಷ್ಟೇ ಸಾಕು. ಏಸ್ ತಡೆಯುವ ಔಷಧಗಳಲ್ಲಿ ಒಂದು ಗೊತ್ತಿದ್ದರೆ, ಏಸ್ ಒಡೆಯಬೇಕಿದ್ದ ಬ್ರಾಡಿಕೈನಿನ್ ಅನ್ನುವ ವಸ್ತು ಒಡೆಯದೆ ಉಳಿದುಕೊಳ್ಳುತ್ತದೆ, ಅದಕ್ಕೇ ಒಣಕೆಮ್ಮು ಅಂತ ಗೊತ್ತಾದರೆ, ಕೆಮ್ಮು ಬಂದವರಿಗೆ ಸಾರ್ಟಾನ್‌ಗೆ ಯಾಕೆ ಬದಲಾಯಿಸುತ್ತಾರೆ ಅಂತ ನೀವೇ ಹೇಳುತ್ತೀರಿ.

ಇಂಗ್ಲಿಷ್ ನಿಧಾನ ಅಂದಿರಿ. ಹಾಗಿದ್ದರೆ ಚಿತ್ರ ಜಾಸ್ತಿ ಇರುವ ಲಿಪಿನ್‌ಕಾಟ್‌ನಲ್ಲಿ ಒಂದು ಅಧ್ಯಾಯ ಮೊದಲು ಓದಿ, ಚಿತ್ರಗಳನ್ನು ನೀವೇ ಮತ್ತೆ ಬಿಡಿಸಿ, ಕನ್ನಡದಲ್ಲೇ ಯಾರಿಗಾದರೂ ವಿವರಿಸಿ, ಆಮೇಲೆ ಅದೇ ಅಧ್ಯಾಯವನ್ನು ಮುಖ್ಯ ಪುಸ್ತಕದಲ್ಲಿ ಓದಿ. ಎರಡನೇ ಓದು ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಎಂಸಿಕ್ಯೂ ಕೊನೆಗೆ ಬರಲಿ, ಅದು ಪರೀಕ್ಷಿಸಿಕೊಳ್ಳೋಕೆ.

ಪ್ರಶ್ನೆ: ನಾನು ಇಂಟರ್ನ್. ಓದಿದ ಪುಸ್ತಕವನ್ನೇ ಡ್ಯೂಟಿಗೂ ಇಟ್ಟುಕೊಂಡು ಡೋಸ್ ನೋಡಿ ಬರೆಯಬಹುದಾ?

ಉತ್ತರ: ದಯವಿಟ್ಟು ಬೇಡ. ಪಠ್ಯಪುಸ್ತಕ ಯಾಕೆ ಅಂತ ಹೇಳೋಕೆ ಇರೋದು, ಇವತ್ತು ಈ ರೋಗಿಗೆ ಎಷ್ಟು ಅಂತ ಹೇಳೋಕೆ ಅಲ್ಲ. ಡೋಸ್‌ಗೆ ನಿಮ್ಮ ಆಸ್ಪತ್ರೆಯ ಈಗಿನ ಫಾರ್ಮುಲರಿ (ಔಷಧ, ಡೋಸ್‌ಗಳ ಕೈಪಿಡಿ) ನೋಡಿ, ಸಂದೇಹ ಇದ್ದರೆ ಫಾರ್ಮಸಿಸ್ಟ್ ಅವರನ್ನು ಕೇಳಿ, ಕೇಳೋಕೆ ಸಂಕೋಚವೇ ಬೇಡ. ಮೆಥೊಟ್ರೆಕ್ಸೇಟ್ ಅನ್ನು ಸಂಧಿವಾತಕ್ಕೆ ಕೊಡೋದು ವಾರಕ್ಕೆ ಒಂದು ಸಲ. ಅದನ್ನು ದಿನಕ್ಕೆ ಒಂದು ಸಲ ಅಂತ ಬರೆದು ರೋಗಿಗಳು ಜೀವ ಕಳೆದುಕೊಂಡಿದ್ದಾರೆ. ಒಂದು ಪದ, ಅಷ್ಟೇ ವ್ಯತ್ಯಾಸ. ಕಿಡ್ನಿ ಕೆಲಸ ಕಡಿಮೆ ಇರುವವರಲ್ಲಿ ಲೆಕ್ಕ ಇನ್ನೂ ಬದಲಾಗುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ನ ಅರ್ಧಾಯು (ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಳಿಯುವ ಸಮಯ) ಸಾಮಾನ್ಯವಾಗಿ ಸುಮಾರು ಒಂದೂವರೆ ದಿನ, ಮಟ್ಟ ಸ್ಥಿರವಾಗೋಕೆ ನಾಲ್ಕೈದು ಅರ್ಧಾಯು, ಅಂದರೆ ಸುಮಾರು ಒಂದು ವಾರ ಬೇಕು. ಕಿಡ್ನಿ ಸೋತಿದ್ದರೆ ಇನ್ನೂ ಎಷ್ಟೋ ದಿನ. ಎರಡನೇ ದಿನವೇ "ಕೆಲಸ ಮಾಡ್ತಿಲ್ಲ" ಅಂತ ಡೋಸ್ ಏರಿಸಬಾರದು ಅನ್ನೋದು ಮಾತ್ರ ನಿಮ್ಮ ಪಠ್ಯಪುಸ್ತಕದಿಂದಲೇ ಬರಬೇಕಾದ ತಿಳುವಳಿಕೆ.

ಪ್ರಶ್ನೆ: ಮೇಡಂ, ಮೊದಲು ಕೇಳಿದವನು ನಾನೇ. ನೀವು ಹೇಳಿದ ಹಾಗೆ ನಾಲ್ಕನ್ನೂ ಇಟ್ಟುಕೊಂಡು ಫ್ಯೂರೋಸೆಮೈಡ್ ಓದಿದೆ. ರ‍್ಯಾಂಗ್ ಅಂಡ್ ಡೇಲ್ ಮುಚ್ಚಿದ ಮೇಲೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎರಡೂ ಹೇಳೋಕೆ ಬಂತು, ಕಿವಿ ವಿಷಯದಲ್ಲಿ ತಡವರಿಸಿದೆ. ಅದನ್ನೇ ತಗೊಂಡೆ. ಆದರೆ ಓದುವಾಗ ಹೊಸ ಸಂದೇಹ ಬಂತು: ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಜೊತೆಗೆ ಕೊಟ್ಟರೆ ಫ್ಯೂರೋಸೆಮೈಡ್ ಪ್ರಭಾವ ಯಾಕೆ ತಗ್ಗುತ್ತದೆ? ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸ್ತು.

ಉತ್ತರ: ಓದಿ ತುಂಬಾ ಖುಷಿಯಾಯಿತು! ಸಂಬಂಧ ಇರೋದು ದೇಹವೇ ತಯಾರಿಸುವ ಪ್ರೋಸ್ಟಾಗ್ಲಾಂಡಿನ್ ಅನ್ನುವ ವಸ್ತುವಿನಲ್ಲಿ. ಕಿಡ್ನಿಗೆ ರಕ್ತ ಚೆನ್ನಾಗಿ ಹರಿಯೋಕೆ, ಉಪ್ಪು ಹೊರಗೆ ಹೋಗೋಕೆ ಅದು ಸಹಾಯ ಮಾಡುತ್ತದೆ, ಫ್ಯೂರೋಸೆಮೈಡ್ ಕೆಲಸದಲ್ಲಿ ಅದರದ್ದೂ ಒಂದು ಪಾಲು ಇದೆ. ಐಬುಪ್ರೊಫೆನ್ ಅದರ ತಯಾರಿಯನ್ನೇ ನಿಲ್ಲಿಸುತ್ತದೆ. ಹೃದಯ ವೈಫಲ್ಯ ಇದ್ದು, ಕಾಲು ಊತ ಇಳಿದಿದ್ದ ರೋಗಿ ಮಂಡಿನೋವಿಗೆ ಅಂತ ತಾನಾಗೇ ಮಾತ್ರೆ ತಗೊಂಡು ಮತ್ತೆ ಊದಿಕೊಂಡು ಬರೋದು ಹೀಗೆ. ಗುಡ್‌ಮನ್ ಗಿಲ್ಮನ್ ತೆರೆಯೋಕೆ ಇದೇ ಸರಿಯಾದ ಹೊತ್ತು. ನಾಳೆ ಲೈಬ್ರರಿಯಲ್ಲಿ ಅದರ ಡಯುರೆಟಿಕ್ (ಮೂತ್ರ ಹೆಚ್ಚಿಸುವ ಔಷಧ) ಅಧ್ಯಾಯ ತೆಗೆದು, ಫ್ಯೂರೋಸೆಮೈಡ್ ಇರುವ ಲೂಪ್ ಡಯುರೆಟಿಕ್ ಭಾಗ ಓದಿ. ಕಿವಿ ವಿಷಯವನ್ನೂ ಅಲ್ಲೇ ನೋಡಿಕೊಳ್ಳಿ, ಇಂಜೆಕ್ಷನ್ ವೇಗವಾಗಿ ಕೊಟ್ಟರೆ, ಜೊತೆಗೆ ಜೆಂಟಾಮೈಸಿನ್ ಅನ್ನುವ ಆಂಟಿಬಯೋಟಿಕ್ ಇದ್ದರೆ ಅಪಾಯ ಯಾಕೆ ಜಾಸ್ತಿ ಅಂತ ಓದಿ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.