ಅಂಗಡಿ ಕ್ಯೂಆರ್‌ಗೆ ಬಂದ ದುಡ್ಡೆಲ್ಲ ವ್ಯಾಪಾರದ್ದೇ?

ತುಮಕೂರಲ್ಲಿ ಅಪ್ಪನ ಪ್ರಾವಿಷನ್ ಸ್ಟೋರ್ ಇದೆ. ಹಾಲು, ತರಕಾರಿ, ಸೋಪು, ಬಿಸ್ಕತ್ತು ಎಲ್ಲ ಇಡುತ್ತೇವೆ. ಕಳೆದ ವರ್ಷ ಯುಪಿಐಗೇ 46 ಲಕ್ಷ ಬಂದಿದೆ, ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ಅಪ್ಪ ಕ್ಯೂಆರ್ ಕಿತ್ತು ಹಾಕೋಣ ಅಂತಿದ್ದಾರೆ. ಗೊತ್ತಿದ್ದವರು ಹೇಳಿ.

— ಕೀಳಬೇಡಿ ಸರ್. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯಿಂದ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರು, ನಾನೂ ಹಾಕಿದ್ದೆ. ದಡ್ಡತನ. ಕ್ಯಾಶ್ ಆದರೂ ಅದು ವ್ಯಾಪಾರವೇ ಅಲ್ವಾ? ನಾನು ಆಮೇಲೆ ಮಾಡಿದ್ದು ಇಷ್ಟು: ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ ಎರಡು ಬಣ್ಣದ ಪೆನ್ ಹಿಡಿದು ಕೂತೆ. ಮಗ ಕಳಿಸಿದ್ದು, ಚೀಟಿ ದುಡ್ಡು, ಭಾವನಿಗೆ ಕೊಟ್ಟ ಕೈಸಾಲ ವಾಪಸ್ ಬಂದಿದ್ದು, ಎಲ್ಲಕ್ಕೂ ಕೆಂಪು. ಹಾಲು, ತರಕಾರಿಗೆ ಹಸಿರು, ಅದನ್ನು ಖರೀದಿ ಬಿಲ್ ನೋಡಿ ಅಂದಾಜು ಮಾಡಿದೆ. ಕೆಂಪೇ ಆರು ಲಕ್ಷ ಚಿಲ್ಲರೆ ಆಯಿತು! ಅದನ್ನೇ ಬರೆದು, ಪ್ರತಿ ಲಗತ್ತಿಸಿ ಉತ್ತರ ಕೊಟ್ಟೆ.

ಒಂದು ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬರೀ ಹಾಲು, ತರಕಾರಿ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ಸೋಪೂ ಇಟ್ಟಿದ್ದರೆ ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ ನೋಡುವಾಗ ಹಾಲಿನ ದುಡ್ಡೂ ಸೇರುತ್ತದೆ. ಹಾಲಿಗೆ ತೆರಿಗೆ ಇಲ್ಲ, ಲೆಕ್ಕಕ್ಕೆ ಮಾತ್ರ ಇದೆ. ಕ್ಯಾಶ್ ವ್ಯಾಪಾರವನ್ನೂ ಕೂಡಿಸಿ ನೋಡಿ, ಬಹುಶಃ ನಿಮ್ಮದು ಮಿತಿ ದಾಟಿರುತ್ತದೆ.

— ದಾಟಿದ್ದರೆ ಕಾಂಪೊಸಿಷನ್‌ಗೆ (ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿಯ ಸರಳ ಸ್ಕೀಮ್) ಹೋಗಿ. ವರ್ಷಕ್ಕೆ ಒಂದೂವರೆ ಕೋಟಿ ವಹಿವಾಟಿನವರೆಗೆ ಈ ಸ್ಕೀಮ್ ಸಿಗುತ್ತದೆ. ನಿಮ್ಮಂಥ ವ್ಯಾಪಾರಿಗೆ ತೆರಿಗೆ ಇರುವ ಮಾಲಿನ ಮಾರಾಟದ ಮೇಲೆ 1%. ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಿದರಾಯಿತು. ಆದರೆ ಆ 1% ಗಿರಾಕಿ ಹತ್ತಿರ ವಸೂಲಿ ಮಾಡುವ ಹಾಗಿಲ್ಲ, ಖರೀದಿಗೆ ಕಟ್ಟಿದ ಜಿಎಸ್‌ಟಿ ವಾಪಸ್ಸೂ ಇಲ್ಲ. ನಂದು ಟೀ ಹೋಟೆಲ್, ನಮಗೆ ಮಿತಿ 20 ಲಕ್ಷ, ಕಾಂಪೊಸಿಷನ್ನಲ್ಲಿ 5%. ಹೊಟ್ಟೆ ಉರಿಯುತ್ತದೆ, ಏನ್ ಮಾಡೋದು.

— ಅಮ್ಮನ ಹೆಸರಲ್ಲಿ ಇನ್ನೊಂದು ಕ್ಯೂಆರ್ ಇಟ್ಟು ಅರ್ಧ ಅರ್ಧ ಹಂಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಂಗಡಿ ಒಂದೇ, ವ್ಯಾಪಾರ ಒಂದೇ. ಮನೆಗೆ ಬೇರೆ ಖಾತೆ ಇಡಿ, ಸಾಕು. ಇನ್ಕಮ್ ಟ್ಯಾಕ್ಸ್‌ಗೆ ಸುಗಮ್ ಫಾರಂ (ಅಂದಾಜು ಲಾಭ ತೋರಿಸುವ ಐಟಿಆರ್-4) ಹಾಕಿದರೆ ಯುಪಿಐಲಿ ಬಂದ ವ್ಯಾಪಾರಕ್ಕೆ ಕನಿಷ್ಠ 6%, ಕ್ಯಾಶ್‌ಗೆ 8% ಲಾಭ ತೋರಿಸಬೇಕು. 40 ಲಕ್ಷ ಯುಪಿಐ ಅಂದ್ರೆ 2.40 ಲಕ್ಷ ಲಾಭ. ಕ್ಯೂಆರ್ ಇದ್ದರೇ ಲಾಭ ಅಂತ ಅಪ್ಪನಿಗೆ ಹೇಳಿ.

— ಎಲ್ಲರಿಗೂ ಥ್ಯಾಂಕ್ಸ್. ಸ್ಟೇಟ್‌ಮೆಂಟ್ ತೆಗೆಸಿದೆ, 112 ಪುಟ. ಅಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಮೊದಲ ಪುಟದಲ್ಲೇ ಚಿಕ್ಕಮ್ಮ ಕಳಿಸಿದ 15,000 ಸಿಕ್ಕಿತು. ಅದಕ್ಕೆ ಕೆಂಪು ತಾನೇ?